ಶುದ್ಧಪ್ರತಿಯ ಬುಧವಾರ

ನ್ಯಾಯಾಲಯದ ಹಜಾರದಲ್ಲಿ ಸಾಕ್ಷಿಗಳಿಗೆಂದು ಒಂದು ಬೆಂಚು ಇದೆ. ಅದರ ಒಂದು ಕಾಲು ಗಿಡ್ಡ. ಯಾರೋ ಅದರ ಕೆಳಗೆ ಮಡಿಸಿದ ರಟ್ಟು ಇಟ್ಟಿದ್ದರು. ರಟ್ಟು ಸವೆದ ಮೇಲೆ ಇನ್ನೊಂದನ್ನು ಇಡುವ ಹೊಣೆ ಯಾರದೂ ಆಗಿರಲಿಲ್ಲ. ಎರಡೂವರೆ ವರ್ಷಗಳಲ್ಲಿ ನಾನು ಆ ಬೆಂಚಿನ ಮೇಲೆ ಹನ್ನೊಂದು ಸಲ ಕುಳಿತಿದ್ದೇನೆ. ಅದರಲ್ಲಿ ಹತ್ತು ಸಲ ನನ್ನನ್ನು ಒಳಗೆ ಕರೆಯಲೇ ಇಲ್ಲ. ಒಮ್ಮೆ ಆರೋಪಿಯ ವಕೀಲರಿಗೆ ಬೆನ್ನುನೋವು, ಒಮ್ಮೆ ನ್ಯಾಯಾಧೀಶರಿಗೆ ವರ್ಗಾವಣೆ, ಒಮ್ಮೆ ನಮ್ಮ ಕಡತ ಯಾವುದೋ ಗಡಿ ಜಗಳದ ಕಡತದ ಹೊಟ್ಟೆಯೊಳಗೆ ಸೇರಿಕೊಂಡು ಸಂಜೆಯವರೆಗೂ ಸಿಗಲಿಲ್ಲ. ತರಗತಿಗೆ ಐದು ನಿಮಿಷ ತಡವಾಗಿ ಬಂದ ಹುಡುಗನನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದವಳು ನಾನು. ಇಡೀ ಕಟ್ಟಡವೇ ತಡವಾಗಿ ಬಂದರೆ ಅದನ್ನು ಯಾರು ಹೊರಗೆ ನಿಲ್ಲಿಸಬೇಕು?

ಆ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಿರುತ್ತಿದ್ದವರು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವರ ಕೆಲಸ. ಬಿಸಿನೀರು, ಸೋಡಾಪುಡಿಗಳಿಗೆ ಬೆರಳ ತುದಿಗಳು ಸುಕ್ಕಾಗಿದ್ದವು. ಮಗಳು ತೆಳ್ಳಗೆ, ಉದ್ದಕ್ಕೆ ಇದ್ದಳು, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲು. ಹಾಗಾಗಿ ಮನೆಗೂ ಶಾಲೆಗೂ ಅವಳು ಪೆನ್ಸಿಲ್ಲೇ. ಪ್ರಕರಣ ಶುರುವಾದಾಗ ಅವಳಿಗೆ ಒಂಬತ್ತು ವರ್ಷ, ನಾಲ್ಕನೆಯ ತರಗತಿ. ನಾನು ಅವಳ ಭಾಷಾ ಶಿಕ್ಷಕಿ, ಶಾಲೆಯ ವೇಳಾಪಟ್ಟಿ ಬರೆಯುವ ಹೊಣೆಯೂ ನನ್ನದೇ. ಆರೋಪಿ ನಮ್ಮ ಶಾಲೆಯ ಉಗ್ರಾಣದ ಗುಮಾಸ್ತ: ಸೀಮೆಸುಣ್ಣ, ಹಾಳೆ, ಮಸಿ ಕೊಡುವವನು. ಇಪ್ಪತ್ತು ವರ್ಷ ಸೇವೆ ಮಾಡಿದವನು, ಎಲ್ಲರಿಗೂ ಬೇಕಾದವನು, ನನಗೂ. ಅದನ್ನು ಮುಚ್ಚಿಡುವುದಿಲ್ಲ.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ಹೀಗೆ ಕ್ರಮವಾಗಿ ಹೇಳುವ ಚಟವೇ ನನ್ನ ಅಪರಾಧವಾಯಿತು ಎಂಬುದನ್ನೂ ಮುಂದೆ ಹೇಳುತ್ತೇನೆ.

ಚಿತ್ರಕಲೆಯ ಅವಧಿಗೆ ಉಗ್ರಾಣದಿಂದ ಹಾಳೆ ತರುವುದು ಪೆನ್ಸಿಲಿನ ಕೆಲಸವಾಗಿತ್ತು. ಅವಳಿಗೆ ಅದೊಂದು ಪದವಿ. ಒಂದು ವಾರ ಅವಳು ಹೋಗುವುದಿಲ್ಲವೆಂದಳು. ಕಾರಣ ಕೇಳಿದರೆ ನೆಲ ನೋಡಿದಳು. ನಾನು ಅವಳನ್ನು ಶಿಕ್ಷಕರ ಕೊಠಡಿಗೆ ಕರೆದು, ಹೇಳಲಿಕ್ಕೆ ಆಗದಿದ್ದರೆ ಬರೆ ಎಂದೆ. ಕರಡು ಪುಸ್ತಕದ ಹಾಳೆಯೊಂದನ್ನು ಹರಿದು, ಅರ್ಧ ಪುಟ ಬರೆದು, ಮಗುಚಿ ನನ್ನ ಮುಂದಿಟ್ಟಳು. ಓದಿದೆ. ಉಗ್ರಾಣದಲ್ಲಿ ಆ ಮನುಷ್ಯ ಅವಳ ಮೈಮೇಲೆ ಮಾಡಿದ ಅನ್ಯಾಯ ಅದರಲ್ಲಿತ್ತು. 

ಆಮೇಲೆ ನಾನು ಮಾಡಿದ್ದನ್ನು ಮೂವತ್ತೊಂದು ವರ್ಷ ಪಾಠ ಹೇಳಿದ ಶಿಕ್ಷಕಿಯಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲ. ನಾನು ಕೆಂಪು ಪೆನ್ನು ತೆಗೆದುಕೊಂಡೆ.

ಇಷ್ಟು ದೊಡ್ಡ ಮಾತು ಇಷ್ಟು ಹರಕು ಮುರುಕಾಗಿ ಹೋದರೆ ಯಾರು ನಂಬುತ್ತಾರೆ ಎಂದುಕೊಂಡೆ. ನಂಬಿಸಬೇಕಿದ್ದರೆ ಆರಂಭ ಬೇಕು, ಕಾಲ ಬೇಕು, ಸ್ಥಳ ಬೇಕು, ಮೊದಲು ಇದು ಅನಂತರ ಅದು ಎಂಬ ವರಸೆ ಬೇಕು. ಅವಳು ಬರೆದದ್ದು “ಚಿತ್ರದ ದಿನ” ಎಂದು. ಚಿತ್ರಕಲೆ ಬುಧವಾರ ಎಂದು ವೇಳಾಪಟ್ಟಿ ಬರೆದವಳು ನಾನೇ ತಾನೆ? ತಿಂಗಳ ಹಾಳೆ ನೋಡಿ ಹಿಂದಿನ ವಾರದ ಬುಧವಾರದ ತಾರೀಖನ್ನೂ, ಗಂಟೆಯನ್ನೂ ಸೇರಿಸಿದೆ. ಕೊನೆಗೊಂದು ಸಾಲು ಕೂಡಿಸಿದೆ: “ಇದರಿಂದ ನನ್ನ ಮನಸ್ಸಿಗೆ ತೀವ್ರ ಆಘಾತವಾಗಿದೆ.” ಒಂಬತ್ತು ವರ್ಷದ ಯಾವ ಮಗು ಹಾಗೆ ಬರೆಯುತ್ತದೆ ಎಂದು ಆ ಹೊತ್ತು ನನಗೆ ಹೊಳೆಯಲಿಲ್ಲ. ಅವಳ ಕೈಯಲ್ಲಿ ಶಾಯಿಯಲ್ಲಿ ಶುದ್ಧಪ್ರತಿ ಬರೆಸಿ, ಸಹಿ ಹಾಕಿಸಿದೆ. ಶುದ್ಧಪ್ರತಿಯಾದ ಮೇಲೆ ಕರಡನ್ನು ಉಳಿಸಬಾರದೆಂಬುದು ನನ್ನ ತರಗತಿಯ ನಿಯಮ. ಪೆನ್ಸಿಲಿನಲ್ಲಿ ಬರೆದ ಆ ಅರ್ಧ ಪುಟವನ್ನು ನಾಲ್ಕಾಗಿ ಹರಿದು ಕಸದ ಬುಟ್ಟಿಗೆ ಹಾಕಿದವಳು ನಾನೇ. ಆಗ ನನಗೆ ಒಂದು ಕೆಲಸವನ್ನು ಚೆನ್ನಾಗಿ ಮುಗಿಸಿದ ಸಮಾಧಾನವೂ ಆಗಿತ್ತು.

ಮುಖ್ಯೋಪಾಧ್ಯಾಯರು ಕಾಗದ ಓದಿ, ಒಂಬತ್ತು ದಿನ ಯಾಕೆ ಸುಮ್ಮನಿದ್ದಳು ಎಂದು ಕೇಳಿದರು. ಪೊಲೀಸರು ಅದನ್ನೇ ಕೇಳಿದರು. ನೆರೆಹೊರೆ ಕೇಳಿತು. ಇಪ್ಪತ್ತು ವರ್ಷದಿಂದ ಒಳ್ಳೆಯವನಾಗಿದ್ದವನು ಎಂಬ ಮಾತಿಗೆ ಯಾರೂ ಪುರಾವೆ ಕೇಳಲಿಲ್ಲ. ಒಂಬತ್ತು ದಿನ ಬಾಯಿ ಬಾರದ ಮಗುವಿಗೆ ಮಾತ್ರ ಎಲ್ಲರೂ ಲೆಕ್ಕ ಕೇಳಿದರು. ಪೊಲೀಸರು ಬರೆದುಕೊಂಡ ಹೇಳಿಕೆ ನನ್ನ ಶುದ್ಧಪ್ರತಿಯ ನಕಲೇ ಆಯಿತು. ನಡುವೆ ವೈದ್ಯೆಯೊಬ್ಬರು ಅವಳನ್ನು ನೋಡಿ, ಮೈಮೇಲೆ ಗುರುತೇನೂ ಉಳಿದಿಲ್ಲವೆಂದು ಬರೆದು, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದುಕೊಂಡರಂತೆ. ಆ ಬರಹವನ್ನು ನಾನು ನೋಡಿರಲಿಲ್ಲ. ಪುಣ್ಯಕ್ಕೆ ನೋಡಿರಲಿಲ್ಲ.

ಹತ್ತನೆಯ ಸಲ ಬೆಂಚಿನಿಂದ ಹಾಗೇ ಎದ್ದು ಹೊರಟ ದಿನ ಸರ್ಕಾರಿ ವಕೀಲರು ನನ್ನನ್ನು ತಮ್ಮ ಕೋಣೆಗೆ ಕರೆದರು. ಅದು ಕೋಣೆಯೆಂದರೆ ಕೋಣೆ, ಕಪಾಟೆಂದರೆ ಕಪಾಟು. ಕುರ್ಚಿಯ ಮೇಲಿದ್ದ ಕಡತಗಳನ್ನು ನೆಲಕ್ಕಿಳಿಸಿ, “ಕೂತ್ಕೊಳ್ಳಿ ಟೀಚರ್, ಇದು ಕೊಲೆ ಕೇಸಿನ ಕುರ್ಚಿ, ಪಾಪ ಅದಕ್ಕೂ ಸ್ವಲ್ಪ ರಜ ಬೇಕು” ಎಂದರು. ಅವರಿಗೆ ನಲವತ್ತು ದಾಟಿರಲಿಲ್ಲ. ಕಣ್ಣ ಕೆಳಗಿನ ಚೀಲಗಳಿಗೆ ಅರವತ್ತು.

ಅವರು ಹೇಳಿದ್ದಿಷ್ಟು. ಹುಡುಗಿಯ ಸಾಕ್ಷ್ಯ ಮುಗಿದಿದೆ. ಬಾಗಿಲು ಮುಚ್ಚಿ, ಆ ಮನುಷ್ಯ ಅವಳ ಕಣ್ಣಿಗೆ ಬೀಳದಂತೆ ಪರದೆ ಕಟ್ಟಿ, ವಕೀಲರ ಪ್ರಶ್ನೆಗಳನ್ನೆಲ್ಲ ನ್ಯಾಯಾಧೀಶರೇ ತಮ್ಮ ಬಾಯಿಂದ ಮೆತ್ತಗೆ ಕೇಳಿದ್ದಾರೆ. ಹುಡುಗಿ ಚೆನ್ನಾಗಿಯೇ ಹೇಳಿದ್ದಾಳೆ. ಆದರೆ ಕಾಗದದಲ್ಲಿದ್ದ ಆ ಬುಧವಾರ ಗುಮಾಸ್ತ ಊರಲ್ಲೇ ಇರಲಿಲ್ಲ. ಕಾಗದ ಖರೀದಿಗೆ ಪಕ್ಕದ ಪಟ್ಟಣಕ್ಕೆ ಹೋಗಿದ್ದ, ಅಂಗಡಿಯ ರಸೀದಿ ಇದೆ, ಬಸ್ಸಿನ ಚೀಟಿ ಇದೆ. ಬುಧವಾರವೇ ಎಂದು ಹೇಗೆ ಗೊತ್ತು ಎಂದು ಹುಡುಗಿಯನ್ನು ಕೇಳಿದಾಗ ಅವಳು ಕೊಟ್ಟ ಒಂದೇ ಒಂದು ಉತ್ತರವನ್ನು ವಕೀಲರು ನನಗೆ ಓದಿ ಹೇಳಿದರು:

“ಟೀಚರ್ ಬರೆಸಿದ್ರು. ಟೀಚರ್ ಬರೆಸಿದ್ರೆ ಸರಿಯಾಗೇ ಇರತ್ತೆ.”

ಮೂವತ್ತೊಂದು ವರ್ಷದಲ್ಲಿ ಯಾವ ಮಗುವೂ ನನ್ನ ಬಗ್ಗೆ ಇಷ್ಟು ಒಳ್ಳೆಯ ಮಾತು ಹೇಳಿರಲಿಲ್ಲ. ಯಾವ ಮಾತೂ ನನ್ನನ್ನು ಇಷ್ಟು ನಾಚಿಸಿರಲಿಲ್ಲ.

ವಕೀಲರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ನೋಡಿ ಟೀಚರ್, ಕೋರ್ಟು ಮಗು ಮಾತೊಂದನ್ನೇ ನಂಬಿ ಶಿಕ್ಷೆ ಕೊಡಬಹುದು. ಬೇರೆ ಸಾಕ್ಷಿ ಬೇಕೇ ಬೇಕು ಅಂತೇನಿಲ್ಲ. ಮೈಮೇಲೆ ಗುರುತಿಲ್ಲ ಅಂದ್ರೂ ನಡೆಯತ್ತೆ, ತಡವಾಗಿ ಹೇಳಿದ್ಲು ಅಂದ್ರೂ ನಡೆಯತ್ತೆ. ಮಕ್ಕಳಿಗೆ ದಿನ, ತಾರೀಖು ತಪ್ಪೋದನ್ನೂ ಕ್ಷಮಿಸತ್ತೆ. ಆದ್ರೆ ದೊಡ್ಡೋರು ಹೇಳಿಕೊಟ್ಟಿದ್ದು ಅಂತ ಒಂದು ಅನುಮಾನ ಬಂತೋ, ಅಲ್ಲಿಗೆ ಮುಗೀತು.” ಸ್ವಲ್ಪ ಹೊತ್ತು ಮೇಜಿನ ಮೇಲಿನ ಪಿನ್ನುಗಳನ್ನು ಜೋಡಿಸಿದರು. “ದಿನ ಮಗೂನೇ ಹೇಳ್ತು, ನಾನು ಬರ್ಕೊಳ್ಳೋಕೆ ಹೇಳ್ದೆ ಅಷ್ಟೆ, ಅಂತ ನೀವು ಅಂದ್ಬಿಟ್ರೆ…”

ಅವರು ವಾಕ್ಯ ಪೂರ್ತಿ ಮಾಡಲಿಲ್ಲ. ಪೂರ್ತಿ ಮಾಡುವ ಧೈರ್ಯವಿಲ್ಲದ ವಾಕ್ಯಗಳು ಎಂಥವೆಂದು ನನಗೆ ಗೊತ್ತು. ನಾಲ್ಕನೆಯ ತರಗತಿಯಲ್ಲೂ ಅವನ್ನು ನೋಡಿದ್ದೇನೆ. ತಪ್ಪನ್ನು ಮಗುವಿನ ತಲೆಗೆ ಕಟ್ಟಿದರೆ ಕಾನೂನು ಕ್ಷಮಿಸುತ್ತದೆ, ನನ್ನ ತಲೆಗೆ ಕಟ್ಟಿಕೊಂಡರೆ ಕ್ಷಮಿಸುವುದಿಲ್ಲ. ನಾನು ನಾಳೆ ಹೇಳುತ್ತೇನೆ ಎಂದೆ. ತಕ್ಷಣ ಆಗುವುದಿಲ್ಲ ಎನ್ನಲಿಲ್ಲ, ಇದನ್ನೂ ಬರೆದಿಡಬೇಕು.

ಮನೆಯಲ್ಲಿ ಈಗ ಉಳಿದಿರುವುದು ನಾನೂ ತಂಗಿಯೂ. ಅವಳು ಕಾಳು ಆರಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. “ನೀನು ತಿದ್ದದೆ ಬಿಟ್ಟಿದ್ದು ಏನಿದೆ ಅಕ್ಕ? ಮದುವೆಗೆ ಮುಂಚೆ ಭಾವ ಬರೆದ ಕಾಗದಾನೂ ಕೆಂಪು ಮಸೀಲಿ ತಿದ್ದಿ ವಾಪಸ್ ಕಳಿಸಿದೋಳು. ಪಾಪ, ಅವರು ಅದನ್ನ ಶುದ್ಧವಾಗಿ ಬರೆದು ಮತ್ತೆ ಕಳಿಸಿದ್ರು.” ಇಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಅವಳು ತಲೆಯೆತ್ತದೆ ಕೇಳಿದಳು: “ಅವತ್ತು ನಿಜವಾಗ್ಲೂ ಬುಧವಾರಾನೇನಾ?”

ಹೌದು ಎನ್ನಲು ಬಾಯಿ ತೆರೆದೆ. ನಾನು ವೇಳಾಪಟ್ಟಿಯನ್ನು ನೋಡಿದ್ದೆ. ದಿನವನ್ನು ನೋಡಿರಲಿಲ್ಲ.

ಮರುದಿನ ಶಾಲೆಗೆ ಹೋದೆ. ನಿವೃತ್ತಳಾಗಿ ವರ್ಷವಾಗಿತ್ತು. ಅವಧಿಗಳು ಅದಲುಬದಲಾದಾಗ ಬರೆದಿಡುವ ಪುಸ್ತಕವೊಂದು ಇರುತ್ತದೆ, ಅದನ್ನು ಕೇಳಿದೆ. ಮುಖ್ಯೋಪಾಧ್ಯಾಯರು ಅಷ್ಟು ಹಳೆಯದು ಗೆದ್ದಲಿಗೆ ಹೋಗಿರಬೇಕೆಂದರು. ಯಾವ ಕಪಾಟಿನ ಯಾವ ಅರೆಯಲ್ಲಿದೆಯೆಂದು ನನಗೆ ಗೊತ್ತಿತ್ತು, ಗೆದ್ದಲಿಗೆ ಗೊತ್ತಿರಲಿಲ್ಲ. ನಿಂತಲ್ಲೇ ಪುಟ ತಿರುವಿದೆ. ಆ ವಾರ ಬುಧವಾರ ಗಣಿತದ ಕಿರುಪರೀಕ್ಷೆ. ನಾಲ್ಕನೆಯ ತರಗತಿಯ ಚಿತ್ರಕಲೆ ಗುರುವಾರದ ಕೊನೆಯ ಅವಧಿಗೆ ಹೋಗಿತ್ತು. ಕೆಳಗೆ ಚಿತ್ರಕಲೆಯ ಮೇಷ್ಟ್ರ ಸಹಿ. ಅದರ ಕೆಳಗೆ, ಗುಂಡಗೆ, ಚೆಂದವಾಗಿ, ನನ್ನ ಸಹಿ.

ಬದಲಾಯಿಸಿದವಳೂ ನಾನೇ, ಮರೆತವಳೂ ನಾನೇ. ಚಿತ್ರದ ದಿನ ಎಂದ ಮಗು ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ವಕೀಲರಿಗೆ ಹೇಳಿದಾಗ ಅವರು ಕುಣಿಯುತ್ತಾರೆಂದು ಎಣಿಸಿದ್ದೆ. ಅವರು ತಲೆ ಮೇಲೆ ಕೈ ಹೊತ್ತರು. ಪುಸ್ತಕ ತೋರಿಸಿದರೆ ದಿನ ಸರಿಹೋಗುತ್ತದೆ, ನಿಜ. ಆದರೆ ದಿನ ಹಾಕಿದ್ದು ನಾನೆಂದು ಒಪ್ಪಿಕೊಂಡಂತೆಯೇ. ಬುಧವಾರ ನನ್ನದಾದರೆ ಕಾಗದವೆಲ್ಲ ನನ್ನದು ಎನ್ನಲು ಎದುರು ಪಕ್ಷಕ್ಕೆ ಎಷ್ಟು ಹೊತ್ತು? ಹಾವು ಸಾಯಬಾರದು, ಕೋಲು ಮುರಿಯಬಾರದು ಎನ್ನುವ ಹಾಗೆ ಯಾವುದಾದರೂ ದಾರಿಯಿದೆಯೇ ಎಂದು ಅವರು ಇನ್ನೂ ಯೋಚಿಸುತ್ತಿದ್ದರು. ನಾನು ಹೇಳಿದೆ: “ವಕೀಲರೇ, ಮಗು ಬಾಯಿಗೆ ನಾನು ಒಂದ್ಸಲ ಮಾತು ತುರುಕಿದ್ದು ಸಾಕು. ಇನ್ನೊಂದ್ಸಲ ನನ್ನಿಂದಾಗಲ್ಲ.” ಅವರು ಪುಸ್ತಕವನ್ನು ತರಿಸಲು ಅರ್ಜಿ ಬರೆಯತೊಡಗಿದರು.

ಹನ್ನೊಂದನೆಯ ಸಲ ಬೆಂಚಿನ ಮೇಲೆ ಕುಳಿತಾಗ ನನ್ನ ಹೆಸರನ್ನು ಜವಾನ ಕೂಗಿದ. ಒಳಗೆ ಫ್ಯಾನು ತಿರುಗುತ್ತಿತ್ತು, ಕಾಗದಗಳ ಮೇಲೆ ಕಲ್ಲುಗಳಿದ್ದವು. ನ್ಯಾಯಾಧೀಶರು ಹೆಂಗಸು, ನನಗಿಂತ ಹತ್ತು ವರ್ಷ ಚಿಕ್ಕವರಿರಬಹುದು. ಗುಮಾಸ್ತ ಗೋಡೆಗೆ ಆನಿಕೊಂಡಿದ್ದ ಕುರ್ಚಿಯಲ್ಲಿದ್ದ. ನನ್ನನ್ನು ಕಂಡು ಹಳೆಯ ರೂಢಿಯಂತೆ ಅರ್ಧ ಎದ್ದು ನಿಂತ. ಆ ಮರ್ಯಾದೆ ನನಗೆ ಹೊಡೆತದಂತೆ ತಾಗಿತು.

ನಾನು ಎಲ್ಲವನ್ನೂ ಹೇಳಿದೆ. ಕರಡು, ಕೆಂಪು ಪೆನ್ನು, ಬುಧವಾರ, ಕಸದ ಬುಟ್ಟಿ. ಅದಲುಬದಲಿನ ಪುಸ್ತಕವನ್ನು ತೋರಿಸಿ ನನ್ನ ಸಹಿಯನ್ನು ಗುರುತಿಸಿದೆ. ಆರೋಪಿಯ ವಕೀಲರು ಎದ್ದರು. ಮೃದುವಾದ ಮನುಷ್ಯ, ದನಿ ಏರಿಸುವವರಲ್ಲ.

“ಟೀಚರ್, ತಿದ್ದೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲವಂತೆ. ನನ್ನ ಅಣ್ಣನ ಮಗನೂ ನಿಮ್ಮ ಶಿಷ್ಯಾನೇ, ಇವತ್ತಿಗೂ ಅರ್ಜಿ ಬರೆಯೋವಾಗ ಕೈ ನಡುಗತ್ತಂತೆ.” ಅಲ್ಲಿ ಇಲ್ಲಿ ಸಣ್ಣ ನಗು. “ಬುಧವಾರ ನಿಮ್ಮದು. ತಾರೀಖು ನಿಮ್ಮದು. ಮನಸ್ಸಿಗೆ ಆಘಾತ, ಅದೂ ನಿಮ್ಮದು. ಅಲ್ವಾ?”

ಹೌದು ಎಂದೆ.

“ಕರಡು ಹರಿದವರು ನೀವು. ಹಾಗಿದ್ಮೇಲೆ ಮಿಕ್ಕಿದ್ದು ಮಗೂದು ಅಂತ ನಾವು ಯಾವ ಧೈರ್ಯದ ಮೇಲೆ ನಂಬೋದು?”

ನನ್ನಲ್ಲಿ ಸಿಟ್ಟಿತ್ತು. ಒಂದು ಮಗುವಿನ ಮಾತನ್ನು ದೊಡ್ಡವರು ತಮಗೆ ತಿಳಿದಂತೆ ತೊಳೆದು, ಮಡಿಸಿ, ಇಸ್ತ್ರಿ ಮಾಡಿ, ಕೊನೆಗೆ ಈ ಬಟ್ಟೆ ಮಗುವಿನದಲ್ಲ ಎಂದು ಮಗುವನ್ನೇ ಹೊರಗೆ ನಿಲ್ಲಿಸುವ ಈ ಏರ್ಪಾಡಿನ ಮೇಲೆ ಸಿಟ್ಟು. ತೊಳೆದ ಕೈ ನನ್ನದೇ ಆಗಿದ್ದುದರಿಂದ ಆ ಸಿಟ್ಟನ್ನು ಯಾರ ಮೇಲೂ ಹಾಕುವಂತಿರಲಿಲ್ಲ. ಗೊತ್ತಿಲ್ಲ ಎಂದೆ.

ಆಗ ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. ಶುದ್ಧಪ್ರತಿಯ ಒಂದು ನಕಲನ್ನೂ, ಗುರುತು ಹಾಕಲು ಇಟ್ಟುಕೊಂಡಿದ್ದ ಕೆಂಪು ಪೆನ್ನನ್ನೂ ನನ್ನ ಮುಂದೆ ಇಡಿಸಿದರು.

“ಇದ್ರಲ್ಲಿ ನಿಮ್ಮ ಮಾತು ಯಾವುದು, ಮಗು ಮಾತು ಯಾವುದು, ನಿಮಗೆ ನೆನಪಿದ್ಯಾ?”

“ಇದೆ.”

“ನಿಮ್ಮದನ್ನೆಲ್ಲ ಹೊಡೆದು ಹಾಕಿ.”

ಆರೋಪಿಯ ವಕೀಲರು ಆಕ್ಷೇಪಿಸಿದರು: ಸಾಕ್ಷಿ ತನಗೆ ಬೇಕಾದ್ದನ್ನು ಉಳಿಸಿಕೊಳ್ಳಬಹುದು. ವೈದ್ಯೆಯ ಬರಹವನ್ನಾಗಲಿ ಹುಡುಗಿ ಇಲ್ಲಿ ಹೇಳಿದ್ದನ್ನಾಗಲಿ ನಾನು ಓದಿದ್ದೇನೆಯೇ ಎಂದು ನ್ಯಾಯಾಧೀಶರು ಕೇಳಿದರು. ಬುಧವಾರದ ಬಗೆಗಿನ ಒಂದು ಉತ್ತರ ಬಿಟ್ಟು ಬೇರೇನೂ ತಿಳಿಯದೆಂದೆ. “ಹಾಗಿದ್ರೆ ಉಳಿಸ್ಕೊಳ್ಳಲಿ, ಆಮೇಲೆ ಹೋಲಿಸಿ ನೋಡೋಣ” ಎಂದರು.

ಅಷ್ಟು ವರ್ಷ ಸಾವಿರಾರು ಪುಟಗಳನ್ನು ತಿದ್ದಿದ ಕೈ, ತನ್ನದೇ ವಾಕ್ಯಗಳನ್ನು ತಿದ್ದಲು ಮೊದಲ ಬಾರಿ ಕೂತಿತು. ಆರಂಭ ಹೋಯಿತು. ತಾರೀಖು, ಗಂಟೆ, ಬುಧವಾರ ಹೋದವು. ‘ಅನಂತರ’ಗಳೆಲ್ಲ ಹೋದವು. ಆಘಾತ ಹೋಯಿತು. ಒಂದೂವರೆ ಪುಟದಲ್ಲಿ ಕೆಂಪು ತಾಗದೆ ಉಳಿದದ್ದು ನಾಲ್ಕು ಸಾಲು. “ಹಾಳೆ ಎಣಿಸ್ಕೋ ಅಂದ್ರು.” “ಚಿಲಕ ಮೇಲಿತ್ತು, ನನಗೆ ಎಟುಕಲಿಲ್ಲ.” “ಅವರ ಕೈಯೆಲ್ಲಾ ಸೀಮೆಸುಣ್ಣ ಇತ್ತು, ನನ್ನ ಲಂಗಕ್ಕೂ ಆಯ್ತು.” ನಾಲ್ಕನೆಯದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಅವಳದು, ಅದನ್ನು ಬೇಕಾದಲ್ಲಿ ಬೇಕಾದವರಿಗೆ ಅವಳು ಹೇಳಿದ್ದಾಳೆ.

ನ್ಯಾಯಾಧೀಶರು ನನ್ನ ನಕಲನ್ನು ಒಂದು ಪಕ್ಕಕ್ಕೆ, ಕಡತದಿಂದ ತೆಗೆದ ಎರಡು ಹಾಳೆಗಳನ್ನು ಇನ್ನೊಂದು ಪಕ್ಕಕ್ಕೆ ಇಟ್ಟುಕೊಂಡು ಓದಿದರು. ಬೆರಳು ಒಂದರಿಂದ ಇನ್ನೊಂದಕ್ಕೆ ಹೋಗಿ ಬಂತು, ನಾಲ್ಕು ಸಲ. ನೀವಿನ್ನು ಹೋಗಬಹುದು ಎಂದರು. ನಾನು ಹೊರಬಂದು ಬೆಂಚಿನ ಮೇಲೆ ಕುಳಿತೆ. ಕೈಬೆರಳಿಗೆ ಕೆಂಪು ಮಸಿ ಮೆತ್ತಿತ್ತು. ಹುಡುಗಿಯ ತಾಯಿ ತಮ್ಮ ಸೆರಗಿನ ತುದಿ ಮುಂದೆ ಮಾಡಿದರು. “ಒರೆಸ್ಕೊಳ್ಳಿ ಟೀಚರ್. ಎಂಥ ಕಲೆ ಬೇಕಾದ್ರೂ ನಾವು ತೆಗೀತೀವಿ” ಎಂದು ಕಷ್ಟಪಟ್ಟು ನಕ್ಕರು. ಒಳಗೆ ಏನು ಹೇಳಿದೆನೆಂದು ಅವರಿಗೆ ಹೇಳಿದೆ, ಒಂದನ್ನೂ ಬಿಡದೆ. ಅವರು ಸೆರಗನ್ನು ಹಿಂತೆಗೆದುಕೊಳ್ಳಲಿಲ್ಲ.

ತೀರ್ಪು ಬರಲು ಮತ್ತೆ ಐದು ತಿಂಗಳು. ಗುಮಾಸ್ತನಿಗೆ ಶಿಕ್ಷೆಯಾಯಿತು. ತೀರ್ಪಿನ ನಕಲನ್ನು ನಾನು ಮೂರು ಸಲ ಓದಿದೆ. ಶುದ್ಧಪ್ರತಿಯನ್ನು ಸಾಕ್ಷ್ಯವಾಗಿ ತೂಗಲು ಬರುವುದಿಲ್ಲ ಎಂದು ಅದನ್ನು ಪಕ್ಕಕ್ಕಿಟ್ಟಿದ್ದರು. ಅದರ ಬದಲು ಹೀಗೆ ಬರೆದಿದ್ದರು: ವೈದ್ಯೆಯ ಮುಂದೆ, ಎರಡು ವರ್ಷದ ನಂತರ ನ್ಯಾಯಾಲಯದ ಮುಂದೆ ಮಗು ಹೇಳಿದ ನಾಲ್ಕು ಸಂಗತಿಗಳು ಒಂದೇ ಆಗಿವೆ. ಮಾತು ಪ್ರತಿ ಸಲ ಬೇರೆ, ಸಂಗತಿ ಬೇರೆಯಲ್ಲ. ಹೇಳಿಕೊಟ್ಟ ಮಗುವಿನಲ್ಲಿ ಇದು ತಿರುಗುಮುರುಗಾಗಿರುತ್ತಿತ್ತು. ದಿನದ ತಪ್ಪು ಮಗುವಿನದಲ್ಲ. ಚಿತ್ರದ ದಿನ ಗುರುವಾರವೇ ಆಗಿತ್ತೆಂದು ದೂರಿಗಿಂತ ಮೊದಲೇ ಬರೆದ ಪುಸ್ತಕ ತೋರಿಸುತ್ತದೆ. ಆ ಗುರುವಾರ ಆರೋಪಿ ಉಗ್ರಾಣದಲ್ಲಿದ್ದ. ತೀರ್ಪಿನ ಮೂವತ್ತನಾಲ್ಕನೆಯ ಪ್ಯಾರಾ ನನ್ನ ಬಗ್ಗೆ: “ಈ ಸಾಕ್ಷಿ ಸತ್ಯ ನುಡಿದಿದ್ದಾರೆ. ಆದರೆ ಸದುದ್ದೇಶದಿಂದಲೇ ಅವರು ಮಗುವಿನ ಮಾತನ್ನು ಅಳಿಸಿದರು. ಒಬ್ಬ ಶಿಕ್ಷಕಿಯಿಂದ ಇದು ಆಗಬಾರದಿತ್ತು.” ತಂಗಿ ಅದನ್ನು ಓದಿ, ಇಷ್ಟು ಖಾರವಾಗಿ ಬರೆಯಬೇಕಿರಲಿಲ್ಲ ಎಂದಳು. ಬರೆಯಬೇಕಿತ್ತು ಎಂದೆ.

ಸುದ್ದಿ ತಿಳಿಸಲು ಅವರ ಮನೆಗೆ ಹೋದಾಗ ಪೆನ್ಸಿಲ್ ಮೆಟ್ಟಿಲ ಮೇಲೆ ಕುಳಿತಿದ್ದಳು. ಹನ್ನೆರಡು ದಾಟಿ, ತಾಯಿಯ ಎತ್ತರಕ್ಕೆ ಬಂದಿದ್ದಳು. ಕಿವಿಯ ಹಿಂದೆ ಏನೂ ಇರಲಿಲ್ಲ. ತಾಯಿ ಆಗಲೇ ಹೇಳಿದ್ದರು. ಆ ಮನುಷ್ಯನಿಗೆ ಎಷ್ಟು ವರ್ಷ ಶಿಕ್ಷೆ ಎಂದು ಅವಳು ಕೇಳಲಿಲ್ಲವಂತೆ. ನಾನು ಪಕ್ಕದಲ್ಲಿ ಕುಳಿತೆ. ಬುಧವಾರದ ತಪ್ಪು ನಿನ್ನದಲ್ಲ, ನನ್ನದು, ನೀನು ಮೊದಲಿನಿಂದ ಸರಿಯಾಗಿಯೇ ಹೇಳಿದ್ದೆ ಎಂದೆ. ಅವಳು ಮೆಟ್ಟಿಲಿನ ಗಾರೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು.

“ಇನ್ಮೇಲೆ ಯಾರಿಗೂ ಹೇಳ್ಬೇಕಾಗಿಲ್ಲ ತಾನೆ, ಟೀಚರ್? ಏಳು ಸಲ ಹೇಳಿದೀನಿ.”

ಸುಳ್ಳು ಹೇಳಬಹುದಿತ್ತು. ಆ ಮನುಷ್ಯ ಮೇಲಿನ ನ್ಯಾಯಾಲಯಕ್ಕೆ ಹೋಗಿಯೇ ಹೋಗುತ್ತಾನೆಂದು ವಕೀಲರು ಅಂದಿದ್ದರು.

“ದೊಡ್ಡ ಕೋರ್ಟಿಗೆ ಹೋಗತ್ತೆ. ಆದ್ರೆ ಅಲ್ಲಿಗೆ ನಿನ್ನನ್ನ ಕರೆಯೋದಿಲ್ಲ ಅಂದ್ರು ವಕೀಲರು. ಅಲ್ಲಿ ಓದ್ತಾರೆ ಅಷ್ಟೆ.”

“ಏನನ್ನ?”

“ನೀನು ಹೇಳಿದ್ದನ್ನ.”

ಅವಳು ಮೊದಲ ಸಲ ನನ್ನ ಮುಖ ನೋಡಿದಳು. “ನಾನು ಹೇಳಿದ ಹಾಗೇನಾ? ತಿದ್ದದೆ?”

“ತಿದ್ದದೆ” ಎಂದೆ.